ಕಲೆಯ ಹೆಸರಿನ ಬಾರಿನಲ್ಲಿ ಕಳೆದ ಶನಿವಾರ: ಒಂಬತ್ತೂವರೆ ಸಾವಿರಕ್ಕೆ ಸಿಕ್ಕಿದ್ದೇನು?

ಸಂಜೆಮಲ್ಲಿಗೆ

ಬಾರಿನ ಹೆಸರು ಹಾಕುವುದಿಲ್ಲ; ಗೊತ್ತಾದವರೂ ದಯವಿಟ್ಟು ಕೆಳಗೆ ಬರೆಯಬೇಡಿ. ಇಂದಿರಾನಗರದ ಒಳರಸ್ತೆಯೊಂದರಲ್ಲಿ ಹಳೆಯ ಮನೆಯನ್ನು ಬಾರ್ ಮಾಡಿದ್ದಾರೆ. ದೊಡ್ಡ ಹೋಟೆಲ್ ಕಂಪನಿಗಳದ್ದಲ್ಲ, ಗೆಳೆಯರು ಕೂಡಿ ನಡೆಸುವಂಥದ್ದು. ಗೋಡೆಯಲ್ಲಿ ಹೊಸ ಕಲಾವಿದರ ಚಿತ್ರಗಳು, ಅಂಗಳದಲ್ಲಿ ಹಾಡು, ಕವಿತೆ ಓದು ಎಂದೆಲ್ಲ ಇನ್‌ಸ್ಟಾಗ್ರಾಂನಲ್ಲಿ ನೋಡಿದ್ದೆ. ಹೆಗ್ಗೋಡಿನ ಕಡೆ ರಂಗಶಿಬಿರಗಳನ್ನು ನಡೆಸುವ ಗೆಳತಿಯೊಬ್ಬಳು ಬಹಳ ಕಾಲದ ಮೇಲೆ ಬೆಂಗಳೂರಿಗೆ ಬಂದಿದ್ದಳು. ಕಾಲೇಜಿನ ನಾಟಕ ತಂಡದ ನಾಲ್ವರು ಸೇರಿ ಮನಸಾರೆ ಹರಟೋಣ ಎಂದು ಅಲ್ಲಿಗೇ ಹೋದೆವು.

ತಲೆಗೆ ಎರಡು ಸಾವಿರ ಮುಂಗಡ. ಬಿಲ್ಲಿನಲ್ಲಿ ಕಳೆಯುತ್ತಾರೆ, ಅದಕ್ಕೆ ತಕರಾರಿಲ್ಲ. ಒಳಗೆ ಬೆಳಕು ಎಷ್ಟು ಕಡಿಮೆಯೆಂದರೆ ಎದುರು ಕೂತವಳ ಮುಖದಲ್ಲಿ ಕನ್ನಡಕ ಮಾತ್ರ ಹೊಳೆಯುತ್ತಿತ್ತು. ಮೆನು ಕಂದು ಕಾಗದದ ಮೇಲೆ ಕಂದು ಅಕ್ಷರ. ನಾಲ್ವರೂ ಮೊಬೈಲ್ ಟಾರ್ಚ್ ಹಾಕಿಕೊಂಡು ಓದಿದೆವು. ಅಕ್ಕಪಕ್ಕದ ಮೇಜುಗಳಲ್ಲೂ ಅದೇ ಕಥೆ.

ನಾನು ಕೇಳಿದ್ದು ಮೆಣಸಿನ ಸಾರಿನ ಹೆಸರಿನ ಒಂದು ಕಾಕ್‌ಟೇಲ್. 795 ರೂಪಾಯಿ. ಗಾಜಿನ ಗುಮ್ಮಟ ಮುಚ್ಚಿ ತಂದು, ಕಣ್ಣೆದುರು ಅದನ್ನು ಎತ್ತಿದರು. ಚಕ್ಕೆ ಸುಟ್ಟ ಹೊಗೆ ಬಂತು, ಹೋಯಿತು. ಉಳಿದದ್ದು ಲೋಟದ ತುಂಬ ಒಂದೇ ಒಂದು ಐಸ್ ಗಡ್ಡೆ, ಅದರ ಸುತ್ತ ಸಿಹಿ ನೀರು. ಮೆಣಸೂ ಇಲ್ಲ, ಸಾರೂ ಇಲ್ಲ. ಕಡಲೆಕಾಯಿ ಪರಿಷೆಯ ಹೆಸರಿಟ್ಟ ತಿನಿಸಿಗೆ 420. ಕರಿಕಲ್ಲಿನ ಹಲಗೆಯ ಮೇಲೆ ಬೆಣ್ಣೆಹಣ್ಣು ಸವರಿ, ಬೇಯಿಸಿದ ಕಡಲೆಬೀಜವನ್ನು ದೂರದೂರಕ್ಕೆ ಜೋಡಿಸಿದ್ದರು. ಬಸವನಗುಡಿಯಲ್ಲಿ ಹುಟ್ಟಿ ಬೆಳೆದವಳು ನಾನು. ಪರಿಷೆಯಲ್ಲಿ ಸೇರಿನ ಮೇಲೆ ಕೊಸರು ಹಾಕದೆ ಕೊಟ್ಟರೆ ಅಮ್ಮ ಮುಂದಿನ ಅಂಗಡಿಗೆ ನಡೆದುಬಿಡುತ್ತಿದ್ದಳು.

ಇದನ್ನೆಲ್ಲ ನಕ್ಕು ಬಿಟ್ಟುಬಿಡುತ್ತಿದ್ದೆ. ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಅಂಗಳದಲ್ಲಿ ಒಬ್ಬ ಹುಡುಗಿ ಏಕತಾರಿ ಹಿಡಿದು ತತ್ವಪದ ಹಾಡುತ್ತಿದ್ದಳು. ಒಳ್ಳೆಯ ಕಂಠ, ತಯಾರಿ ಇತ್ತು. ಅವಳ ಹಿಂದೆಯೇ ಕೌಂಟರ್. ಶೇಕರಿನಲ್ಲಿ ಐಸ್ ಕುಲುಕುವ ಸದ್ದು ಪ್ರತಿ ಸಾಲಿಗೂ. ಮುಂದಿನ ಮೇಜಿನವರು ಅವಳಿಗೆ ಬೆನ್ನು ಹಾಕಿ, ಅವಳೂ ಫೋಟೊದಲ್ಲಿ ಬರುವಂತೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಹಾಡಿನ ನಡುವೆಯೇ ಒಳಗಿನ ಕೋಣೆಯಿಂದ ಡಿಜೆ ತನ್ನ ಸ್ಪೀಕರ್ ಪರೀಕ್ಷೆ ಶುರುಮಾಡಿದ. ಅವಳು ಒಂದು ಕ್ಷಣ ಶ್ರುತಿ ಹುಡುಕಿ, ಕಣ್ಣು ಮುಚ್ಚಿ ಮುಂದುವರಿಸಿದಳು. ನಮ್ಮ ಹೆಗ್ಗೋಡಿನ ಗೆಳತಿ ಕುರ್ಚಿ ತಿರುಗಿಸಿಕೊಂಡು ಅವಳ ಕಡೆಗೇ ಕೂತಳು. ಇಡೀ ಅಂಗಳದಲ್ಲಿ ಹಾಗೆ ಕೂತವಳು ಅವಳೊಬ್ಬಳೇ.

ಹಾಡು ಮುಗಿದು, ಗೆಳತಿ ತನ್ನ ಶಿಬಿರದ ಮಕ್ಕಳ ವಿಷಯ ಹೇಳಲು ಬಾಯಿ ತೆರೆದಿದ್ದಳಷ್ಟೇ, ವೇಟರ್ ಹುಡುಗ ಬಂದು ‘ನಿಮ್ಮ ಎರಡು ಗಂಟೆ ಆಯಿತು, ಮುಂದಿನವರು ಕಾಯುತ್ತಿದ್ದಾರೆ’ ಎಂದ. ಬಿಲ್ ಒಂಬತ್ತೂವರೆ ಸಾವಿರ, ಅದರಲ್ಲಿ ಶೇ 10 ಸೇವಾ ಶುಲ್ಕ. ಅವಳು ತಾಳಗುಪ್ಪದ ರೈಲು ಹಿಡಿಯಬೇಕಿತ್ತು, ಹೊರಟಳು.

ಹೊರಡುವಾಗ ಕಂಡದ್ದು ಇನ್ನೊಂದು. ಬಾಗಿಲ ಪಕ್ಕ ಗೋಡೆ ತುಂಬ ಪುಸ್ತಕ, ಎಲ್ಲದರ ಬೆನ್ನೂ ಗೋಡೆಯ ಕಡೆಗೆ, ಹಾಳೆಗಳ ಅಂಚು ನಮ್ಮ ಕಡೆಗೆ. ಒಂದನ್ನು ಎಳೆದೆ, ಬರಲಿಲ್ಲ. ತಳದಲ್ಲಿ ಸ್ಕ್ರೂ ಹಾಕಿ ಹಲಗೆಗೆ ಬಿಗಿದಿದ್ದಾರೆ.

ಇಂಥ ಜಾಗಗಳೆಲ್ಲ ಹೀಗೆಯೋ, ನಮಗೆ ಸಿಕ್ಕಿದ್ದೇ ಹೀಗೋ?

ಸೋಡಾ ಮಾತ್ರ

ಶನಿವಾರ ರಾತ್ರಿ ಇಂದಿರಾನಗರದಲ್ಲಿ ಮನಸಾರೆ ಹರಟಲು ಹೋದಿರಾ ಮೇಡಂ? ಕಬ್ಬನ್ ಪಾರ್ಕಿನ ಕಲ್ಲುಬೆಂಚು ಪುಕ್ಕಟೆ.

ಸಂಜೆಮಲ್ಲಿಗೆ

ಕಬ್ಬನ್ ಪಾರ್ಕಿನಲ್ಲಿ ವಿಸ್ಕಿ ಕೊಡುತ್ತಾರೆಯೇ?

ಹಳೇ ದಂಡು

ನಿಮ್ಮ ಬರಹ ಓದಿ ಎಂಬತ್ತರ ದಶಕದ ಕೊನೆ ನೆನಪಾಯಿತು. ಆಗ ಬೆಂಗಳೂರಿಗೆ ಪಬ್ ಹೊಸದು. ಚರ್ಚ್ ಸ್ಟ್ರೀಟ್, ರೆಸ್ಟ್ ಹೌಸ್ ರಸ್ತೆ, ಬ್ರಿಗೇಡ್ ರಸ್ತೆಯ ಸುತ್ತಮುತ್ತ ಹುಟ್ಟಿಕೊಂಡವು. ಮರದ ಬೆಂಚು, ಗೋಡೆಗೆ ಹಳೆಯ ರಾಕ್ ಗಾಯಕರ ಪೋಸ್ಟರ್, ಕೌಂಟರಿನವನ ಹತ್ತಿರ ಕ್ಯಾಸೆಟ್ಟಿನ ರಾಶಿ. 1989ರಲ್ಲಿ ಶುರುವಾದ ಪೀಕೋಸ್‌ನಲ್ಲಿ ಒಂದು ಮಗ್ ಬಿಯರ್ ಇಟ್ಟುಕೊಂಡು ಎಷ್ಟು ಹೊತ್ತು ಕೂತರೂ ‘ಏಳಿ’ ಎಂದವರಿಲ್ಲ. ಸೇಂಟ್ ಮಾರ್ಕ್ಸ್ ರಸ್ತೆಯ ಕೋಶಿಸ್‌ನಲ್ಲಂತೂ ಪತ್ರಕರ್ತರು, ಚಿತ್ರಕಾರರು, ವಕೀಲರು ಒಂದು ಕಾಫಿಯಲ್ಲಿ ಮಧ್ಯಾಹ್ನ ಕಳೆಯುತ್ತಿದ್ದರು. ಅವರಾರೂ ‘ಇದು ಕಲಾವಿದರ ತಾಣ’ ಎಂದು ಬೋರ್ಡ್ ಹಾಕಿಕೊಂಡವರಲ್ಲ. ಕಲಾವಿದರು ಬಂದು ಕೂತರು, ತಾಣವಾಯಿತು. ಈಗ ಮೊದಲು ಬೋರ್ಡ್, ಆಮೇಲೆ ಒಳಾಂಗಣ ವಿನ್ಯಾಸಗಾರ, ಎಲ್ಲ ಮುಗಿದ ಮೇಲೆ ಜನ.

ನೀಲಿಬಸ್ಸು

ಹಳೇ ದಂಡು ಸಾರ್, ನಿಮ್ಮ ಆ ಮರದ ಬೆಂಚಿನಲ್ಲಿ ಹೆಂಗಸರು ಎಷ್ಟು ಜನ ಕೂರುತ್ತಿದ್ದರು ಎಂದು ನೆನಪಿಸಿಕೊಳ್ಳಿ. ನನ್ನ ಚಿಕ್ಕಮ್ಮ ಅದೇ ಕಾಲದಲ್ಲಿ ಎಂ.ಜಿ. ರಸ್ತೆಯ ಬ್ಯಾಂಕಿನಲ್ಲಿ ಕೆಲಸ ಮಾಡಿದವರು. ಪಬ್ಬಿನ ಬಾಗಿಲು ದಾಟಲಿಲ್ಲ. ನಾನು ಮಂಗಳೂರಿನವಳು. 2009ರ ಜನವರಿ 24ರಂದು ಅಲ್ಲಿನ ಪಬ್ಬಿಗೆ ನುಗ್ಗಿ ಹುಡುಗಿಯರ ಮೇಲೆ ಕೈಮಾಡಿದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು; 2018ರಲ್ಲಿ ಆರೋಪಿಗಳು ಖುಲಾಸೆಯಾದರು. ಅಂಥ ಊರಿನಿಂದ ಬಂದವಳಿಗೆ, ಒಬ್ಬಳೇ ಹೋಗಿ ಕೌಂಟರಿನ ಮುಂದೆ ಕೂತು, ಯಾರೂ ತಿರುಗಿ ನೋಡದೆ ಒಂದು ಗ್ಲಾಸ್ ಮುಗಿಸಿ ಬರಬಹುದಾದ ಜಾಗ ಎಂದರೆ ಈ ‘ಕಲಾತ್ಮಕ’ ಬಾರುಗಳೇ. ಮಾಮೂಲಿ ಬಾರ್ ಅಂಡ್ ರೆಸ್ಟೋರೆಂಟಿಗೆ ಹೋದರೆ ನನ್ನನ್ನು ‘ಫ್ಯಾಮಿಲಿ’ ಎಂದು ಪರದೆಯ ಹಿಂದೆ ಕೂರಿಸುತ್ತಾರೆ. ಹಾಗಾಗಿ 795 ರೂಪಾಯಿಯಲ್ಲಿ ಸ್ವಲ್ಪ ಭಾಗ ಆ ನಿರಾಳಕ್ಕೂ ಸೇರುತ್ತದೆ ಎಂದುಕೊಂಡು ಕೊಡುತ್ತೇನೆ. ಕಡಲೆಬೀಜದ 420ಕ್ಕೆ ಮಾತ್ರ ಸಮರ್ಥನೆ ಇಲ್ಲ.

ಹಳೇ ದಂಡು

ಒಪ್ಪಿದೆ ತಾಯಿ. ಕೂರುತ್ತಿದ್ದರು, ಆದರೆ ಕಡಿಮೆ. ಬಂದರೂ ಜೊತೆಗೊಬ್ಬ ಗಂಡಸು ಇರುತ್ತಿದ್ದ.

ಕೌಂಟರ್ ಹಿಂದೆ

ಬಾರ್‌ಟೆಂಡರ್ ನಾನು. ಮೇಲಿನ ಜಾಗದವನಲ್ಲ, ಆದರೆ ಅಂಥದ್ದೇ ಇನ್ನೊಂದು ಜಾಗದವನು. ಸಂಜೆಮಲ್ಲಿಗೆಯವರು ಬರೆದದ್ದರಲ್ಲಿ ಮುಕ್ಕಾಲು ಸರಿ. ಕಾಲು ಭಾಗಕ್ಕೆ ಉತ್ತರ ಕೊಡಬೇಕು.

ಮೊದಲು ಐಸ್. ಅದರ ಮೇಲೆ ಸಿಟ್ಟು ಬೇಡ. ದೊಡ್ಡ ಗಡ್ಡೆ ನಿಧಾನ ಕರಗುತ್ತದೆ, ಪಾನೀಯ ಬೇಗ ನೀರಾಗುವುದಿಲ್ಲ. ಪಾರದರ್ಶಕ ಐಸ್ ಮಾಡಲು ಡಬ್ಬಿಯ ಒಂದು ಬದಿಯಿಂದ ಮಾತ್ರ ತಂಪು ತಾಗುವಂತೆ ಹೆಪ್ಪುಗಟ್ಟಿಸಬೇಕು. ಗಾಳಿಗುಳ್ಳೆಯೆಲ್ಲ ಕೊನೆಯ ತುದಿಗೆ ಸೇರುತ್ತದೆ, ಆ ಭಾಗವನ್ನು ಗರಗಸದಲ್ಲಿ ಕತ್ತರಿಸಿ ಎಸೆಯುತ್ತೇವೆ. ಕೆಲಸ ಇದೆ. ಸಣ್ಣ ಲೋಟಕ್ಕೆ ದೊಡ್ಡ ಗಡ್ಡೆ ಹಾಕಿದರೆ ಮೋಸ ಹೋದಂತೆ ಕಾಣುವುದು ನಿಜ, ಅದು ಲೋಟ ಆರಿಸಿದವನ ತಪ್ಪು.

ಹೊಗೆ ಪೂರ್ತಿ ಪ್ರದರ್ಶನ. ಮೂಗಿಗೆ ಒಂದು ಕ್ಷಣ, ವಿಡಿಯೊಗೆ ಹತ್ತು ಸೆಕೆಂಡ್. ನಾನೇ ದಿನವೂ ಮಾಡುತ್ತೇನೆ.

ಸಾರಿನ ರುಚಿ ಏಕೆ ಬರಲಿಲ್ಲ ಎಂದರೆ, ನನ್ನ ಊಹೆ ಸರಿಯಾದರೆ ಅದು ಹಾಲಿನಲ್ಲಿ ಸೋಸಿದ ಪಾನೀಯ. ಮದ್ಯ, ಮಸಾಲೆ, ನಿಂಬೆರಸ ಸೇರಿಸಿ ಹಾಲಿಗೆ ಸುರಿಯುತ್ತೇವೆ. ಹಾಲು ಒಡೆಯುತ್ತದೆ. ಒಡೆದ ಗಿಣ್ಣಿನ ಮೂಲಕ ಮತ್ತೆ ಮತ್ತೆ ಸೋಸಿದರೆ ಬಣ್ಣ, ಒಗರು ಎಲ್ಲ ಅದರಲ್ಲೇ ನಿಂತು ತಿಳಿಯಾದ ದ್ರವ ಇಳಿಯುತ್ತದೆ. ಫ್ರಿಜ್ಜಿನಲ್ಲಿ ವಾರಗಟ್ಟಲೆ ಕೆಡುವುದಿಲ್ಲ. ಶನಿವಾರ ರಾತ್ರಿ ಬಾಟಲಿಯಿಂದ ಸುರಿದರೆ ಆಯಿತು, ಎರಡು ನಿಮಿಷಕ್ಕೆ ಒಂದು ಗ್ಲಾಸ್. ಚೆನ್ನಾಗಿ ಮಾಡಿದರೆ ಅದ್ಭುತ. ಅವಸರಕ್ಕೆ ಮಾಡಿದರೆ ಖಾರದ ಜೊತೆಗೆ ಜೀವವೂ ಸೋಸಿಹೋಗುತ್ತದೆ, ಸಕ್ಕರೆ ಪಾಕ ಉಳಿಯುತ್ತದೆ.

ಎರಡು ಗಂಟೆಯ ಲೆಕ್ಕ ಕೇಳಿ. ಕರ್ನಾಟಕದಲ್ಲಿ ಬಾರಿಗೆ ಬೇಕಾದ ಸಿಎಲ್-9 ಪರವಾನಗಿಯನ್ನು ಹೊಸದಾಗಿ ಕೊಡುವುದನ್ನು ಸರ್ಕಾರ ತೊಂಬತ್ತರ ದಶಕದಲ್ಲೇ ನಿಲ್ಲಿಸಿತು. ಹಾಗಾಗಿ ನಮ್ಮಂಥವರು ಇರುವವರಿಂದ ಕೊಳ್ಳಬೇಕಾಯಿತು ಅಥವಾ ಅವರ ಜೊತೆ ಪಾಲುದಾರಿಕೆ ಮಾಡಿಕೊಳ್ಳಬೇಕಾಯಿತು. ಬೆಲೆ ಅವರು ಹೇಳಿದ್ದು. ಅದರ ಮೇಲೆ ಇಂದಿರಾನಗರದ ಬಾಡಿಗೆ, ಅಬಕಾರಿ ಶುಲ್ಕ, ಧ್ವನಿಮುದ್ರಿತ ಹಾಡು ಹಾಕಲು ಹಕ್ಕುಸ್ವಾಮ್ಯದ ಸಂಸ್ಥೆಗಳಿಗೆ ಕಟ್ಟುವ ಹಣ. ಮಂಗಳವಾರದಿಂದ ಗುರುವಾರದವರೆಗೆ ಮೇಜುಗಳು ಖಾಲಿ ಹೊಡೆಯುತ್ತವೆ. ಶುಕ್ರವಾರ, ಶನಿವಾರ ಏಳರಿಂದ ಒಂಬತ್ತು ಒಂದು ಸರದಿ, ಒಂಬತ್ತರಿಂದ ಹನ್ನೊಂದು ಇನ್ನೊಂದು ಸರದಿ ಎಂದು ತಿರುಗಿಸದಿದ್ದರೆ ತಿಂಗಳ ಸಂಬಳ ಹೊಂದುವುದಿಲ್ಲ. ದೊಡ್ಡ ಕಂಪನಿಯ ಬಾರ್ ಒಂದು ಶಾಖೆಯ ನಷ್ಟವನ್ನು ಇನ್ನೊಂದರಲ್ಲಿ ತುಂಬಿಕೊಳ್ಳುತ್ತದೆ. ಸ್ವತಂತ್ರರಿಗೆ ಇರುವುದೇ ಒಂದು.

ಆದರೆ ಹಾಡುತ್ತಿರುವಾಗ ಡಿಜೆ ಸ್ಪೀಕರ್ ಪರೀಕ್ಷೆ ಮಾಡಿದ್ದಕ್ಕೂ ಪರವಾನಗಿಗೂ ಸಂಬಂಧ ಇಲ್ಲ. ಅದು ಶುದ್ಧ ಅಸಡ್ಡೆ. ಶೇಕರ್ ಕೂಡ ಹಾಗೇ. ನಮ್ಮಲ್ಲಿ ಹಾಡು ನಡೆಯುವಾಗ ಕುಲುಕುವ ಪಾನೀಯಗಳನ್ನು ನಿಲ್ಲಿಸಿ, ಕಲಕುವಂಥವನ್ನು ಮಾತ್ರ ಕೊಡುತ್ತೇವೆ. ಒಬ್ಬ ಗಿರಾಕಿಯೂ ಜಗಳವಾಡಿಲ್ಲ.

ರದ್ದಿ ರಾಯ

ಪುಸ್ತಕದ ವಿಷಯ ನನ್ನದು. ಅವೆನ್ಯೂ ರಸ್ತೆಯ ಸುತ್ತ ಹಳೆಯ ಪುಸ್ತಕ ಕೊಂಡು ಮಾರುವ ಕಸುಬಿನಲ್ಲಿ ಇದ್ದೇನೆ. ಒಳಾಂಗಣದವರು ಬಂದು ಲೇಖಕರ ಹೆಸರು ಕೇಳುವುದಿಲ್ಲ, ಅಡಿ ಲೆಕ್ಕದಲ್ಲಿ ಕೇಳುತ್ತಾರೆ. ‘ಕಂದು ರಟ್ಟು ಹನ್ನೆರಡು ಅಡಿ, ಹಳದಿಯಾದ ಹಾಳೆ ಇರಲಿ.’ ಬೆನ್ನು ಗೋಡೆಗೆ ತಿರುಗಿಸುವುದು ಏಕೆಂದು ನಾನೂ ಒಬ್ಬರನ್ನು ಕೇಳಿದೆ. ಬೆನ್ನುಗಳ ಬಣ್ಣ ಒಂದೊಂದು ಥರ ಇದ್ದು ಕಣ್ಣಿಗೆ ಗದ್ದಲವಾಗುತ್ತದಂತೆ, ಹಾಳೆಯ ಅಂಚಾದರೆ ಎಲ್ಲ ಒಂದೇ ಬಣ್ಣ. ಸ್ಕ್ರೂ ಹಾಕುತ್ತಾರೆಂದು ಇವತ್ತೇ ಗೊತ್ತಾಯಿತು. ಸಾಮಾನ್ಯವಾಗಿ ಹಳೆಯ ಕಾನೂನು ವರದಿ, ಲೆಕ್ಕಪರಿಶೋಧನೆಯ ಸಂಪುಟ ಕೊಟ್ಟು ಕಳಿಸುತ್ತೇನೆ, ಕಾದಂಬರಿ ಕೊಡುವುದಿಲ್ಲ. ಅಷ್ಟಾದರೂ ಮಾನ ಉಳಿಯಲಿ.

ಲೆಕ್ಕಿಗ

ಸೇವಾ ಶುಲ್ಕದ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಅದನ್ನು ಕೊಡಲೇಬೇಕಿಲ್ಲ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು: ಹೋಟೆಲ್, ರೆಸ್ಟೋರೆಂಟುಗಳು ಸೇವಾ ಶುಲ್ಕವನ್ನು ಬಿಲ್ಲಿಗೆ ತಾವಾಗಿ ಸೇರಿಸಬಾರದು, ಬೇರೆ ಹೆಸರಿನಲ್ಲಿಯೂ ವಸೂಲಿ ಮಾಡಬಾರದು, ಕೊಡದವರನ್ನು ಒಳಗೆ ಬಿಡುವುದಿಲ್ಲ ಎನ್ನಬಾರದು. ರೆಸ್ಟೋರೆಂಟ್ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ಕೋರ್ಟ್ ಮಾರ್ಗಸೂಚಿಯನ್ನು ಎತ್ತಿಹಿಡಿದು, ಸಂಘಗಳಿಗೇ ದಂಡ ಹಾಕಿತು. ಬಿಲ್ ಬಂದಾಗ ‘ಇದನ್ನು ತೆಗೆಯಿರಿ’ ಎಂದು ಹೇಳಿದರೆ ಸಾಕು. ತೆಗೆಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಇನ್ನೊಂದು ನೋಡಿಕೊಳ್ಳಿ. ಮದ್ಯ ಜಿಎಸ್‌ಟಿಯ ವ್ಯಾಪ್ತಿಯಲ್ಲೇ ಇಲ್ಲ. ಇಂಥ ಕಡೆ ಸಾಮಾನ್ಯವಾಗಿ ಊಟ ತಿಂಡಿಗೆ ಶೇ 5. ನಿಮ್ಮ ಬಿಲ್ಲಿನಲ್ಲಿ ಒಟ್ಟು ಮೊತ್ತದ ಮೇಲೆ ಹಾಕಿದ್ದಾರೆಯೇ, ತಿಂಡಿಯ ಮೇಲೆ ಮಾತ್ರವೇ?

ಸಂಜೆಮಲ್ಲಿಗೆ

ಈಗ ತೆಗೆದು ನೋಡಿದೆ. ಎಂಟು ಕಾಕ್‌ಟೇಲ್ 6,360. ತಿಂಡಿ 2,200. ಸೇವಾ ಶುಲ್ಕ 856. ಜಿಎಸ್‌ಟಿ 110, ಅಂದರೆ ತಿಂಡಿಗೆ ಮಾತ್ರ. ಅಷ್ಟರಮಟ್ಟಿಗೆ ಪ್ರಾಮಾಣಿಕರು.

ಏಕನಾದ

ನಾನು ಇಂಥ ಅಂಗಳಗಳಲ್ಲಿ ಹಾಡುವವನು, ಆ ಹುಡುಗಿಯ ಪರವಾಗಿ ಎರಡು ಮಾತು. ಅವಳ ಹಾಡನ್ನು ಡಿಜೆಗೆ ಅಂಟಿಸಿದಂತೆ ಏಕೆ ಇಟ್ಟರು ಎಂದರೆ, ರಾತ್ರಿ ಹತ್ತರ ಮೇಲೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ. 2024ರ ಆಗಸ್ಟ್‌ನಿಂದ ಬೆಂಗಳೂರಿನ ಬಾರುಗಳು ರಾತ್ರಿ ಒಂದರವರೆಗೆ ತೆರೆದಿರಬಹುದು, ಆದರೆ ಅಂಗಳದ ಹಾಡಿಗೆ ಗಡಿ ಹತ್ತೇ. ಹಾಗಾಗಿ ನಮ್ಮನ್ನು ಎಂಟೂವರೆಯಿಂದ ಹತ್ತರೊಳಗೆ ತುರುಕುತ್ತಾರೆ. ಆಮೇಲೆ ಗಾಜಿನ ಬಾಗಿಲು ಮುಚ್ಚಿ ಒಳಗೆ ಡಿಜೆ.

ಹಳೆಯ ಕಥೆಯೂ ಇದೆ. ಬೆಂಗಳೂರಿನಲ್ಲಿ ಲೈವ್ ಬ್ಯಾಂಡ್, ನೃತ್ಯಗಳಿಗೆ ಪೊಲೀಸ್ ಪರವಾನಗಿ ಕಡ್ಡಾಯ ಮಾಡಿದ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಗುರಿ ಇದ್ದದ್ದು ಡಾನ್ಸ್ ಬಾರುಗಳ ಮೇಲೆ. ಏಟು ಬಿದ್ದದ್ದು ಗಿಟಾರ್ ಹಿಡಿದವರ ಮೇಲೆ. ಅದೇ ವರ್ಷ ಪೊಲೀಸರು ನೋಟಿಸ್ ಕೊಡಲು ಶುರುಮಾಡಿ ಎಷ್ಟೋ ಕಡೆ ಸಂಗೀತ ನಿಂತುಹೋಯಿತು. ನನ್ನ ಪರಿಚಯದವರು ಕೆಲವರು ಕಸುಬೇ ಬಿಟ್ಟು ಆನ್‌ಲೈನ್ ಪಾಠಕ್ಕೆ ಇಳಿದರು.

ಸಂಭಾವನೆ ಎಷ್ಟು ಎಂದು ನೀವು ಕೇಳಲಿಲ್ಲ, ಹೇಳುತ್ತೇನೆ. ನನಗೆ ಕೆಲವು ಕಡೆ ದುಡ್ಡು ಕೊಟ್ಟಿದ್ದಾರೆ. ಕೆಲವು ಕಡೆ ಎರಡು ಪಾನೀಯದ ಕೂಪನ್, ಒಂದು ಪ್ಲೇಟ್ ತಿಂಡಿ, ಜೊತೆಗೆ ‘ನಿಮಗೆ ಒಳ್ಳೆಯ ಪ್ರಚಾರ’ ಎಂಬ ಮಾತು. ನಾನು ಕುಡಿಯುವವನಲ್ಲ. ಕೂಪನ್ನುಗಳು ಈಗಲೂ ಏಕತಾರಿಯ ಚೀಲದಲ್ಲಿವೆ. ನಿಮ್ಮ ಗೆಳತಿ ಕುರ್ಚಿ ತಿರುಗಿಸಿ ಕೂತರಲ್ಲ, ಹಾಡುತ್ತಿರುವವರಿಗೆ ಅದು ಕಾಣುತ್ತದೆ. ಕಣ್ಣು ಮುಚ್ಚಿದ್ದರೂ ಕಾಣುತ್ತದೆ. ಅವರಿಗೆ ತಿಳಿಸಿ.

ಸಂಜೆಮಲ್ಲಿಗೆ

ತಿಳಿಸುತ್ತೇನೆ. ನನ್ನ ಸಿಟ್ಟಿನ ಬುಡವನ್ನು ನೀವು ಹಿಡಿದಿರಿ. ದುಬಾರಿಯಾಯಿತು ಎಂದಲ್ಲ. ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ಎಷ್ಟೇ ದೊಡ್ಡವರಾದರೂ ಹೊರಗೇ. ಯಾರೂ ಅದನ್ನು ದರ್ಪ ಎನ್ನುವುದಿಲ್ಲ. ಬಾರಿನಲ್ಲಿ ಅಷ್ಟು ಶಿಸ್ತು ಬೇಡ, ಆದರೆ ಕರೆಸಿದ ಹಾಡುಗಾರ್ತಿಯನ್ನು ನೀವೇ ಕೇಳಿಸಿಕೊಳ್ಳುವುದಿಲ್ಲ ಎಂದರೆ ಕರೆಸಿದ್ದು ಏಕೆ? ಅವಳನ್ನೂ ಸ್ಕ್ರೂ ಹಾಕಿ ಗೋಡೆಗೆ ಬಿಗಿದಂತೆಯೇ ಆಯಿತು. ನಾವು ನಾಲ್ವರೂ ಅಲ್ಲಿ ಅದೇ ಸಾಲಿನವರು, ಎರಡು ಗಂಟೆಗೆ ತಂದಿಟ್ಟ ತುಂಬಿದ ಮೇಜು.

ಪಕ್ಕದ ಮನೆ

ಇಂದಿರಾನಗರದಲ್ಲೇ, ಇಂಥ ಒಂದು ಬಾರಿನ ಕಾಂಪೌಂಡಿಗೆ ಅಂಟಿಕೊಂಡ ಮನೆ ನಮ್ಮದು. ನಿಮಗೆ ಎರಡು ಗಂಟೆಯ ಬೇಸರ, ನಮಗೆ ವಾರಕ್ಕೆ ಮೂರು ರಾತ್ರಿ. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬಲ್ ಎಂದು ನಿಯಮದಲ್ಲಿದೆ. ನಮ್ಮ ತಂದೆಯವರ ಹಾಸಿಗೆ ಕಿಟಕಿಯ ಪಕ್ಕ. ಬೇಸ್ ಹೊಡೆದಾಗ ಮಾತ್ರೆಯ ಸ್ಟ್ರಿಪ್ ಮೇಜಿನ ಮೇಲೆ ತಾನೇ ಸರಿಯುತ್ತದೆ. 112ಕ್ಕೆ ಫೋನ್ ಮಾಡಿದರೆ ಪೊಲೀಸರು ಬರುತ್ತಾರೆ, ಸದ್ದು ಇಳಿಯುತ್ತದೆ, ಅವರು ತಿರುವು ದಾಟಿದ ಮೇಲೆ ಏರುತ್ತದೆ. ಗೇಟಿನ ಮುಂದೆ ಕಾರು ನಿಲ್ಲಿಸಿ ಹೋದವರು ‘ಐದು ನಿಮಿಷ ಅಂಕಲ್’ ಎನ್ನುತ್ತಾರೆ. ಏಕತಾರಿಯವರ ಮೇಲೆ ನನಗೆ ದೂರಿಲ್ಲ. ಅವರ ಹಾಡು ನಮ್ಮ ಮನೆಗೆ ಕೇಳಿಸಿದರೆ ತಂದೆಯವರು ಇಷ್ಟಪಟ್ಟಾರು. ಕೇಳಿಸುವುದೇ ಇಲ್ಲ.

ಕೌಂಟರ್ ಹಿಂದೆ

ಅಂಕಲ್, ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮಲ್ಲಿ ಬೇಸ್ ಸ್ಪೀಕರ್ ಅನ್ನು ನೆಲದಿಂದ ಎತ್ತಿ ರಬ್ಬರ್ ಮೇಲೆ ಕೂರಿಸಿದ ಮೇಲೆ ಹಿಂದಿನ ಮನೆಯವರ ದೂರು ಕಡಿಮೆಯಾಯಿತು. ಖರ್ಚು ದೊಡ್ಡದಲ್ಲ. ಆ ಮಾಲೀಕರಿಗೆ ಅಷ್ಟಾದರೂ ಹೇಳಿ ನೋಡಿ.

ಸೋಡಾ ಮಾತ್ರ

ತಮಾಷೆಗೆ ಶುರುಮಾಡಿದೆ, ಆದರೆ ಕೇಳಲೇಬೇಕು. ಹಾಗಾದರೆ ಕೂತು ಮಾತಾಡಬೇಕು, ಒಳ್ಳೆಯದೇನಾದರೂ ಕುಡಿಯಬೇಕು, ಸಾಧ್ಯವಾದರೆ ಒಂದು ಹಾಡು ಕೇಳಬೇಕು ಎನ್ನುವವರು ಎಲ್ಲಿಗೆ ಹೋಗಬೇಕು?

ನೀಲಿಬಸ್ಸು

ಶನಿವಾರ ಬಿಡಿ. ವಾರದ ನಡುವೆ, ಸಂಜೆ ಆರಕ್ಕೇ ಹೋಗಿ. ಮೇಜು ಕೇಳುವಾಗ ‘ಸಮಯದ ಮಿತಿ ಇದೆಯೇ’ ಎಂದು ಮೊದಲೇ ಕೇಳಿ. ಡಿಜೆ ಯಾವ ಕೋಣೆಯಲ್ಲಿ ಎಂದೂ ಕೇಳಿ. ಮತ್ತೆ, ಕೌಂಟರಿನ ಮುಂದಿನ ಸ್ಟೂಲ್ ತೆಗೆದುಕೊಳ್ಳಿ. ನನಗೆ ಅಲ್ಲಿ ಒಮ್ಮೆಯೂ ಏಳಿ ಎಂದಿಲ್ಲ.

ಹಳೇ ದಂಡು

ನಾನಂತೂ ಮನೆಯ ಮಹಡಿ. ಅಮೃತ್ ವಿಸ್ಕಿ ಬಾಟಲಿ, ಕಾಂಗ್ರೆಸ್ ಕಡಲೆಬೀಜ, ಇಬ್ಬರು ಗೆಳೆಯರು. ಹಾಡುಗಾರರು ಬಂದರೆ ಸಂಭಾವನೆ ಕೊಡುತ್ತೇನೆ, ಕೂಪನ್ ಅಲ್ಲ.

ಏಕನಾದ

ವಿಳಾಸ ಕಳಿಸಿ ಸಾರ್, ತಮಾಷೆ ಮಾಡುತ್ತಿಲ್ಲ.

ಲೆಕ್ಕಿಗ

ಸಂಜೆಮಲ್ಲಿಗೆಯವರೇ, 856ರ ಕಥೆ ಏನಾಯಿತು?

ಸಂಜೆಮಲ್ಲಿಗೆ

ಇವತ್ತು ಮಧ್ಯಾಹ್ನ ಫೋನ್ ಮಾಡಿದೆ. ಮ್ಯಾನೇಜರ್ ಮೊದಲು ‘ಅದು ಹುಡುಗರಿಗೆ ಹೋಗುತ್ತದೆ’ ಎಂದರು. ಯಾವ ಹುಡುಗನಿಗೆ ಎಷ್ಟು ಎಂದು ಕೇಳಿದೆ. ಸ್ವಲ್ಪ ಹೊತ್ತಿನಲ್ಲಿ ಯುಪಿಐಗೆ ವಾಪಸ್ ಬಂತು. ಹಾಡಿದ ಹುಡುಗಿಯ ನಂಬರ್ ಕೊಡಿ, ಅವಳಿಗೇ ಕಳಿಸುತ್ತೇನೆ ಎಂದೆ. ಅವಳನ್ನು ಕೇಳಿ ಹೇಳುತ್ತೇವೆ ಎಂದಿದ್ದಾರೆ, ಇನ್ನೂ ಹೇಳಿಲ್ಲ. ನಂಬರನ್ನು ಹಾಗೆಲ್ಲ ಕೊಡದಿರುವುದು ಸರಿಯೇ ಬಿಡಿ.

ಕೌಂಟರ್ ಹಿಂದೆಯವರೇ, ಗೆಳತಿ ಮುಂದಿನ ತಿಂಗಳು ಮತ್ತೆ ಬರುತ್ತಾಳೆ, ಮಂಗಳವಾರ ರಾತ್ರಿ ರೈಲಿನವರೆಗೆ ಬಿಡುವು. ನಿಮ್ಮಲ್ಲಿ ಮಂಗಳವಾರ ತೆರೆದಿರುತ್ತದೆಯೇ?

ಕೌಂಟರ್ ಹಿಂದೆ

ಸೋಮವಾರ ರಜೆ, ಮಂಗಳವಾರ ಇರುತ್ತದೆ. ಆರು ಗಂಟೆಗೆ ಬನ್ನಿ, ಡಿಜೆ ಇಲ್ಲ, ಸಮಯದ ಮಿತಿಯೂ ಇಲ್ಲ. ಹೆಸರು, ದಾರಿ ಖಾಸಗಿ ಸಂದೇಶದಲ್ಲಿ ಕಳಿಸಿದ್ದೇನೆ. ಮೆನು ಬಿಳಿ ಹಾಳೆಯ ಮೇಲಿದೆ.